ಲೇಸರ್ ಡಯೋಡ್ ಆರಿಸುವ ಮುನ್ನ: ಅದು ಹೇಗೆ ಸಾಯುತ್ತದೆ ಎಂದು ಕೇಳಿ

ಹೆಚ್ಚು ಶಕ್ತಿಯ ಲೇಸರ್ ಡಯೋಡ್ ಕೊಳ್ಳಲು ಹೊರಟವರ ಮುಂದೆ ಮೂರು ನಾಲ್ಕು ಡೇಟಾಶೀಟ್‌ಗಳನ್ನು ಹರಡಿದರೆ ಕಣ್ಣು ಮೊದಲು ಹೋಗುವುದು ವಾಟ್‌ಗಳ ಕಡೆಗೆ, ಆಮೇಲೆ ಬೆಲೆಯ ಕಡೆಗೆ, ಪುರುಸೊತ್ತಿದ್ದರೆ ಕೊನೆಗೆ ಬಾಳಿಕೆಯ ಗಂಟೆಗಳ ಕಡೆಗೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಒಂದೇ ವಾಟ್, ಒಂದೇ ತರಂಗಾಂತರ, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಡಯೋಡ್‌ಗಳಲ್ಲಿ ಒಂದು ವರ್ಷಗಟ್ಟಲೆ ತುಸುತುಸುವೇ ಮಂಕಾಗುತ್ತ ಹೋಗಬಹುದು. ಇನ್ನೊಂದು ಯಾವ ಮುನ್ಸೂಚನೆಯೂ ಇಲ್ಲದೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಸುಟ್ಟುಹೋಗಬಹುದು. ಮೊದಲನೆಯದನ್ನು ನಡೆಸುವ ಪ್ರವಾಹವನ್ನು ಕೊಂಚ ಏರಿಸಿ ಕೆಲಸ ಮುಂದುವರಿಸಬಹುದು, ಬದಲಿ ಡಯೋಡ್ ತರಿಸಿಕೊಳ್ಳಲು ಸಮಯವೂ ಸಿಗುತ್ತದೆ. ಎರಡನೆಯದು ಸತ್ತ ದಿನ ಯಂತ್ರವೇ ನಿಲ್ಲುತ್ತದೆ. ಆದ್ದರಿಂದ ಆಯ್ಕೆ ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ವಾಟ್ ಎಂಬುದಲ್ಲ, ಸಾಯುವ ಬಗೆ ಯಾವುದು ಎಂಬುದು.

ಸಾವಿನ ಬಗೆಗಳನ್ನು ಸ್ಥೂಲವಾಗಿ ಮೂರು ಎನ್ನಬಹುದು. ಹರಳಿನ ಒಳಗಿನ ದೋಷಗಳು ನಿಧಾನವಾಗಿ ಬೆಳೆದು ಬೆಳಕನ್ನು ಕುಗ್ಗಿಸುವುದು ಒಂದು. ತಾನೇ ಹೊಮ್ಮಿಸಿದ ಬೆಳಕಿನ ತೀವ್ರತೆಯನ್ನು ತಾಳಲಾರದೆ ಡಯೋಡಿನ ಕನ್ನಡಿ ಕರಗಿಹೋಗುವುದು ಎರಡನೆಯದು. ಇದನ್ನು ಈ ಕ್ಷೇತ್ರದವರು ಸಿಒಡಿ (ಕೆಟಾಸ್ಟ್ರೋಫಿಕ್ ಆಪ್ಟಿಕಲ್ ಡ್ಯಾಮೇಜ್) ಎಂದು ಕರೆಯುತ್ತಾರೆ. ಚಿಪ್ ಸರಿಯಾಗಿಯೇ ಇದ್ದು, ಅದನ್ನು ಹಿಡಿದಿಟ್ಟ ಬೆಸುಗೆಯೋ ತಂತಿಯೋ ಪೆಟ್ಟಿಗೆಯೊಳಗಿನ ಗಾಳಿಯೋ ಕೈಕೊಡುವುದು ಮೂರನೆಯದು. ಮೂರನೆಯದರ ಬಗ್ಗೆ ಡೇಟಾಶೀಟ್‌ಗಳು ಅತ್ಯಂತ ಕಡಿಮೆ ಹೇಳುತ್ತವೆ, ಆದರೆ ಅದರಿಂದಾಗುವ ನಷ್ಟ ಕಡಿಮೆಯದಲ್ಲ.

ಕನ್ನಡಿ ಕರಗುವುದು ಹೇಗೆ

ಅಂಚಿನಿಂದ ಬೆಳಕು ಸೂಸುವ ಡಯೋಡಿನಲ್ಲಿ ಹರಳನ್ನು ಅದರ ಸಹಜ ಸೀಳಿನಲ್ಲಿ ಒಡೆದಾಗ ದೊರೆಯುವ ನುಣುಪಾದ ಮುಖವೇ ಕನ್ನಡಿಯಾಗುತ್ತದೆ. ಇದಕ್ಕೆ ಫೇಸೆಟ್ ಎಂದು ಹೆಸರು. ಗ್ಯಾಲಿಯಂ ಆರ್ಸೆನೈಡ್‌ನ ಬರಿಯ ಫೇಸೆಟ್ ಸುಮಾರು ಶೇ. 30ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹೆಚ್ಚು ಶಕ್ತಿಯ ಡಯೋಡ್‌ಗಳಲ್ಲಿ ಹಿಂಬದಿಯ ಮುಖಕ್ಕೆ ಶೇ. 95ಕ್ಕೂ ಹೆಚ್ಚು ಪ್ರತಿಫಲಿಸುವ ಲೇಪನವನ್ನೂ ಮುಂಬದಿಗೆ ಕೆಲವೇ ಶೇಕಡಾ ಪ್ರತಿಫಲಿಸುವ ಲೇಪನವನ್ನೂ ಕೊಟ್ಟು, ಬೆಳಕೆಲ್ಲ ಮುಂದಿನಿಂದಲೇ ಹೊರಬರುವಂತೆ ಮಾಡುತ್ತಾರೆ. ಆ ಬೆಳಕು ಹೊರಬರುವ ಕಿಂಡಿ ಎಷ್ಟು ಕಿರಿದು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. 100 ಮೈಕ್ರಾನ್ ಅಗಲದ, ಸುಮಾರು 1 ಮೈಕ್ರಾನ್ ಎತ್ತರದ ಕಿಂಡಿಯಿಂದ 10 ವಾಟ್ ಹೊಮ್ಮಿದರೆ ಪ್ರತಿ ಚದರ ಸೆಂಟಿಮೀಟರಿಗೆ 1 ಕೋಟಿ ವಾಟ್‌ನ ಸಾಂದ್ರತೆಯಾಗುತ್ತದೆ. ಸಾಧಾರಣ ಲೇಪನದ ಡಯೋಡ್‌ಗಳು ಇದರ ಆಸುಪಾಸಿನಲ್ಲೇ, ಕೆಲವು ಇದಕ್ಕೂ ಬಹಳ ಮೊದಲೇ, ಮಿತಿಯನ್ನು ಮುಟ್ಟುತ್ತವೆ.

ಮಿತಿ ಬರುವುದು ಸೀಳಿದ ಮುಖದ ಗುಣದಿಂದ. ಹರಳಿನ ಅಣುಬಂಧಗಳು ಅಲ್ಲಿ ತುಂಡಾಗಿ ನಿಂತಿರುತ್ತವೆ, ಗಾಳಿ ತಗುಲಿದೊಡನೆ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಈ ದೋಷಗಳ ಮೂಲಕ ಪ್ರವಾಹದ ವಾಹಕಗಳಾದ ಎಲೆಕ್ಟ್ರಾನ್‌ಗಳೂ ರಂಧ್ರಗಳೂ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಬೆಳಕು ಕೊಡದೆಯೇ ಸೇರಿಕೊಂಡು ತಮ್ಮ ಶಕ್ತಿಯನ್ನು ಶಾಖವಾಗಿ ಸುರಿಯುತ್ತವೆ. ಮುಖ ಬಿಸಿಯಾದಂತೆ ಅಲ್ಲಿನ ಬ್ಯಾಂಡ್ ಗ್ಯಾಪ್, ಅಂದರೆ ಬೆಳಕನ್ನು ಹೀರಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ, ಕುಗ್ಗುತ್ತದೆ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಪ್ರತಿ ಡಿಗ್ರಿಗೆ ಸುಮಾರು 0.45 ಮಿಲಿ ಎಲೆಕ್ಟ್ರಾನ್ ವೋಲ್ಟ್‌ನಷ್ಟು. ಬ್ಯಾಂಡ್ ಗ್ಯಾಪ್ ಕುಗ್ಗಿದರೆ ಲೇಸರ್‌ನ ಬೆಳಕನ್ನೇ ಆ ಮುಖ ಇನ್ನಷ್ಟು ಹೀರತೊಡಗುತ್ತದೆ, ಹೀರಿದ್ದರಿಂದ ಇನ್ನಷ್ಟು ಬಿಸಿಯಾಗುತ್ತದೆ, ಬಿಸಿಯಾದದ್ದರಿಂದ ಮತ್ತಷ್ಟು ಹೀರುತ್ತದೆ. ಈ ಸುತ್ತು ಒಂದು ಹಂತ ದಾಟಿದ ಮೇಲೆ ಯಾರ ಕೈಗೂ ಸಿಗುವುದಿಲ್ಲ. 1,238 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಹರಳು ಮೈಕ್ರೊಸೆಕೆಂಡ್‌ಗಳ ಲೆಕ್ಕದಲ್ಲಿ ಅಲ್ಲಿಗೆ ತಲುಪಿಬಿಡುತ್ತದೆ, ಕರಗಿದ ಜಾಡು ಮುಖದಿಂದ ಒಳಕ್ಕೆ ಹರಿಯುತ್ತದೆ. ಹೀಗೆ ಸತ್ತ ಡಯೋಡ್ ಸಾಮಾನ್ಯವಾಗಿ ವಿದ್ಯುತ್ತನ್ನು ಹಾಯಿಸುತ್ತಲೇ ಇರುತ್ತದೆ, ಬೆಳಕನ್ನು ಮಾತ್ರ ಕೊಡುವುದಿಲ್ಲ. ಮೀಟರ್ ಹಿಡಿದು ನೋಡಿ ಡಯೋಡ್ ಸರಿಯಾಗಿದೆ ಎಂದು ತೀರ್ಮಾನಿಸುವವರು ಮೋಸಹೋಗುವುದು ಇಲ್ಲೇ.

ಈ ವಿವರಣೆಯಿಂದ ಹೋಲಿಕೆಗೆ ಬೇಕಾದ ಅಳತೆಗೋಲು ಸಿಗುತ್ತದೆ. ಮುಖದಲ್ಲಿ ಬೆಳಕಿಲ್ಲದ ಸೇರಿಕೆ ಎಷ್ಟು, ಮುಖ ಬೆಳಕನ್ನು ಹೀರುವುದು ಎಷ್ಟು, ಹುಟ್ಟಿದ ಶಾಖ ಎಷ್ಟು ಬೇಗ ಹೊರಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಆಯ್ಕೆಯೂ ಬೇರೆ ಬೇರೆ ಉತ್ತರ ಕೊಡುತ್ತದೆ.

980 ಮತ್ತು 1480: ಒಂದೇ ಕೆಲಸಕ್ಕೆ ಎರಡು ಸ್ವಭಾವ

ವಸ್ತುವಿನ ಆಯ್ಕೆಯೇ ವಿಶ್ವಾಸಾರ್ಹತೆಯ ಆಯ್ಕೆ ಎಂಬುದಕ್ಕೆ ಎರ್ಬಿಯಂ ಬೆರೆಸಿದ ಫೈಬರ್ ವರ್ಧಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲೂ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲೂ ರೂಪುಗೊಂಡ ಈ ವರ್ಧಕ 1550 ನ್ಯಾನೊಮೀಟರ್ ಆಸುಪಾಸಿನ ಸಂಕೇತವನ್ನು ನೇರವಾಗಿ ಬೆಳಕಿನ ರೂಪದಲ್ಲೇ ಬಲಪಡಿಸುತ್ತದೆ. ಅದಕ್ಕೆ ಬೆಳಕಿನಿಂದ ಶಕ್ತಿ ತುಂಬಲು, ಅಂದರೆ ಪಂಪ್ ಮಾಡಲು, 980 ನ್ಯಾನೊಮೀಟರ್ ಡಯೋಡ್ ಬಳಸಬಹುದು, 1480 ನ್ಯಾನೊಮೀಟರ್ ಡಯೋಡನ್ನೂ ಬಳಸಬಹುದು.

1480ರ ಡಯೋಡನ್ನು ಇಂಡಿಯಂ ಫಾಸ್ಫೈಡ್ ಮೇಲೆ ಬೆಳೆಸುತ್ತಾರೆ. ಈ ವಸ್ತುವಿನ ಮುಖದಲ್ಲಿ ವಾಹಕಗಳು ಬೆಳಕಿಲ್ಲದೆ ಸೇರಿಕೊಳ್ಳುವ ವೇಗ ಗ್ಯಾಲಿಯಂ ಆರ್ಸೆನೈಡ್‌ಗಿಂತ ನೂರಾರು ಪಟ್ಟು ಕಡಿಮೆಯಿರಬಲ್ಲದು. ಫಲವಾಗಿ ಈ ಡಯೋಡ್‌ಗಳನ್ನು ಸಿಒಡಿ ಅಷ್ಟಾಗಿ ಕಾಡುವುದಿಲ್ಲ. ಪ್ರವಾಹ ಏರಿಸುತ್ತ ಹೋದರೆ ಮುಖ ಸಿಡಿಯುವ ಮೊದಲು ಇಡೀ ಚಿಪ್ ಬಿಸಿಯಾಗಿ ಬೆಳಕು ತಾನಾಗಿಯೇ ಇಳಿಮುಖವಾಗುತ್ತದೆ. ಸೌಮ್ಯವಾದ ಸಾವು ಎನ್ನಬಹುದು. 980ರ ಡಯೋಡ್ ಗ್ಯಾಲಿಯಂ ಆರ್ಸೆನೈಡ್ ಕುಟುಂಬದ್ದು, ಅದರ ಮುಖ ಕೆರಳುವ ಜಾತಿಯದು. ವರ್ಧಕ ಸಂಕೇತಕ್ಕೆ ಬೆರೆಸುವ ಗದ್ದಲದ ವಿಷಯದಲ್ಲಿ 980 ಮೇಲು, ಅದರಿಂದ ಪಂಪ್ ಮಾಡಿದ ವರ್ಧಕ 3 ಡೆಸಿಬೆಲ್‌ನ ಮೂಲಭೂತ ಮಿತಿಗೆ ತೀರ ಹತ್ತಿರ ಹೋಗುತ್ತದೆ. ಫೋಟಾನ್ ಶಕ್ತಿಯ ಲೆಕ್ಕದಲ್ಲಿ ಮಾತ್ರ 1480 ಮೇಲು: 980ರ ಫೋಟಾನ್‌ನ ಶಕ್ತಿಯಲ್ಲಿ ಶೇ. 63ರಷ್ಟು ಮಾತ್ರ 1550ರ ಬೆಳಕಾಗಬಲ್ಲದು, 1480ರಲ್ಲಿ ಅದು ಶೇ. 95ರಷ್ಟು.

ಸಮುದ್ರದ ತಳದಲ್ಲಿ ಇಪ್ಪತ್ತೈದು ವರ್ಷ ಮುಟ್ಟದೆ ಬಾಳಬೇಕಾದ ಕೇಬಲ್‌ಗಳ ಮೊದಲ ತಲೆಮಾರಿನ ವರ್ಧಕಗಳಿಗೆ ಎಂಜಿನಿಯರ್‌ಗಳು 1480ನ್ನು ಆರಿಸಿದ್ದು ಆಶ್ಚರ್ಯವಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಅಟ್ಲಾಂಟಿಕ್ ದಾಟಿದ ಟ್ಯಾಟ್-12/13 ಕೇಬಲ್ ಆ ಪೀಳಿಗೆಯದು. ಗದ್ದಲ ತುಸು ಹೆಚ್ಚಾದರೂ ಸರಿ, ರಿಪೇರಿಗೆ ಹಡಗು ಕಳಿಸುವ ಸ್ಥಿತಿ ಬರಬಾರದು ಎಂಬುದು ಅವರ ಲೆಕ್ಕ. ಮುಖದ ಸಂರಕ್ಷಣೆಯ ತಂತ್ರ ಪಳಗಿದ ಮೇಲೆಯೇ 980 ಸಮುದ್ರಕ್ಕೆ ಇಳಿಯಿತು. ಇಂದು ಆಯ್ಕೆ ಮಾಡುವವರಿಗೆ ನನ್ನ ಸಲಹೆ ಹೀಗಿದೆ: ಹೆಸರುವಾಸಿ ತಯಾರಕರ, ಮುಖ ಸಂರಕ್ಷಿತವಾದ 980 ಸಿಗುವುದಾದರೆ ಅದನ್ನೇ ಕೊಳ್ಳಿ. ಮುಖದ ಬಗ್ಗೆ ತಯಾರಕರು ಬಾಯಿ ಬಿಡದಿದ್ದರೆ 1480 ಹೆಚ್ಚು ನೆಮ್ಮದಿಯ ದಾರಿ.

808, 915, 976

ಲೋಹ ಕತ್ತರಿಸುವ ಲೇಸರ್ ಯಂತ್ರಗಳಿಗೂ ನಿಯೋಡೈಮಿಯಂ ಹರಳಿನ ಲೇಸರ್‌ಗಳಿಗೂ ಬೇಕಾಗುವ ಪಂಪ್ ಡಯೋಡ್‌ಗಳ ನಡುವಿನ ಆಯ್ಕೆಯನ್ನು ಬಹುಮಟ್ಟಿಗೆ ಹರಳೇ ನಿರ್ಧರಿಸುತ್ತದೆ. ನಿಯೋಡೈಮಿಯಂ ಬೆರೆಸಿದ ಎನ್‌ಡಿ ಯಾಗ್ ಹರಳು 808 ನ್ಯಾನೊಮೀಟರ್ ಕೇಳುತ್ತದೆ, ಇಟರ್ಬಿಯಂ ಫೈಬರ್ 915 ಅಥವಾ 976 ಕೇಳುತ್ತದೆ. ಆದರೂ ಹೊಸ ವ್ಯವಸ್ಥೆಯೊಂದನ್ನು ಕಟ್ಟುವವರು ಹರಳನ್ನು ಆರಿಸುವ ಮೊದಲೇ ಡಯೋಡಿನ ಬಾಳಿಕೆಯನ್ನು ತಕ್ಕಡಿಗೆ ಹಾಕುವುದು ಒಳ್ಳೆಯದು. ಏಕೆಂದರೆ 808ರ ಡಯೋಡ್ 9ರಿಂದ ಆರಂಭವಾಗುವ ಸೋದರರಷ್ಟು ಗಟ್ಟಿಯಲ್ಲ.

ಇದರ ಕಾರಣ ತಿಳಿಯಲು ಅರ್ಧ ಶತಮಾನಕ್ಕೂ ಹಿಂದಕ್ಕೆ ಹೋಗಬೇಕು. 1962ರಲ್ಲಿ ಮೊದಲ ಲೇಸರ್ ಡಯೋಡ್‌ಗಳು ದ್ರವ ಸಾರಜನಕದ ತಂಪಿನಲ್ಲಿ, ಪಲ್ಸ್‌ಗಳಲ್ಲಿ ಮಾತ್ರ ಬೆಳಗಿದವು. 1970ರಲ್ಲಿ ಲೆನಿನ್‌ಗ್ರಾಡ್‌ನ ಯೋಫೆ ಸಂಸ್ಥೆಯಲ್ಲಿ ಅಲ್ಫೆರೊವ್ ತಂಡವೂ ಬೆಲ್ ಲ್ಯಾಬ್ಸ್‌ನಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅವರೂ ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಡಯೋಡನ್ನು ಸಾಧಿಸಿದರು. ಆದರೆ ಆ ಕಾಲದ ಡಯೋಡ್‌ಗಳ ಆಯುಷ್ಯ ನಿಮಿಷಗಳಲ್ಲೋ ಗಂಟೆಗಳಲ್ಲೋ ಮುಗಿಯುತ್ತಿತ್ತು. 1973ರಲ್ಲಿ ಬೆಲ್ ಲ್ಯಾಬ್ಸ್‌ನವರು ಸಾಯುತ್ತಿರುವ ಡಯೋಡಿನ ಹೊಳೆಯುವ ಪಟ್ಟಿಯಲ್ಲಿ ಕಪ್ಪು ಗೆರೆಗಳು ಬೆಳೆಯುವುದನ್ನು ಕಂಡರು. ಹರಳಿನೊಳಗಿನ ಒಂದು ಸ್ಥಾನಪಲ್ಲಟ, ಅಂದರೆ ಅಣುಗಳ ಸಾಲು ತಪ್ಪಿದ ಜಾಗ, ವಾಹಕಗಳ ಸೇರಿಕೆಯಿಂದ ಬಿಡುಗಡೆಯಾದ ಶಕ್ತಿಯನ್ನೇ ಉಂಡು ಬಳ್ಳಿಯಂತೆ ಹಬ್ಬುತ್ತಿತ್ತು. ಹರಳು ಬೆಳೆಸುವ ಕಲೆ ಸುಧಾರಿಸಿದ ಮೇಲೆ, ಅದೇ ದಶಕ ಮುಗಿಯುವ ಮುನ್ನವೇ, ವರ್ಷಗಳ ಆಯುಷ್ಯ ಬಂತು.

ಈಗ 808ಕ್ಕೆ ಮರಳೋಣ. 915ರಿಂದ 980ರವರೆಗಿನ ಡಯೋಡ್‌ಗಳ ಕ್ವಾಂಟಮ್ ಪದರದಲ್ಲಿ, ಅಂದರೆ ಬೆಳಕು ಹುಟ್ಟುವ ತೆಳು ಪದರದಲ್ಲಿ, ಇಂಡಿಯಂ ಇರುತ್ತದೆ. ದೊಡ್ಡ ಅಣುವಾದ ಇಂಡಿಯಂ ಈ ಸ್ಥಾನಪಲ್ಲಟಗಳ ಕಾಲಿಗೆ ಹಗ್ಗ ಕಟ್ಟಿದಂತೆ ವರ್ತಿಸಿ ಕಪ್ಪು ಗೆರೆ ಹಬ್ಬದಂತೆ ತಡೆಯುತ್ತದೆ. ಜೊತೆಗೆ ಆ ಬೆಳಕಿನ ಫೋಟಾನ್ ಶಕ್ತಿ ಕಡಿಮೆಯಾದ್ದರಿಂದ ಸುತ್ತಲಿನ ಪದರಗಳು ಅದನ್ನು ಹೀರುವುದಿಲ್ಲ. ಹಳೆಯ ಬಗೆಯ 808 ಡಯೋಡಿನ ಪದರದಲ್ಲಿ ಇಂಡಿಯಂ ಇಲ್ಲ, ಅಲ್ಯೂಮಿನಿಯಂ ಇದೆ. ಸೀಳಿದ ಮುಖದಲ್ಲಿ ಅಲ್ಯೂಮಿನಿಯಂ ಗಾಳಿ ಕಂಡೊಡನೆ ಆಕ್ಸೈಡ್ ಆಗುತ್ತದೆ. ಇದಕ್ಕೆ ಪರಿಹಾರವಾಗಿ ಅಲ್ಯೂಮಿನಿಯಂ ಇಲ್ಲದ 808 ಡಯೋಡ್‌ಗಳು ಬಂದವು, ಅವುಗಳ ಮುಖದ ಮಿತಿ ಮೇಲ್ಮಟ್ಟದ್ದು ಎಂದು ಮಾರಾಟಗಾರರು ಒತ್ತಿ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಅವುಗಳಲ್ಲಿ ಅಲ್ಯೂಮಿನಿಯಂ ಬದಲಿಗೆ ಬಳಸುವ ನಾಲ್ಕು ಧಾತುಗಳ ಮಿಶ್ರಣ ಶಾಖವನ್ನು ಅಷ್ಟು ಚೆನ್ನಾಗಿ ಸಾಗಿಸುವುದಿಲ್ಲ, ಬಿಸಿಯಾದಾಗ ಎಲೆಕ್ಟ್ರಾನ್‌ಗಳು ಪದರದಿಂದ ಸುಲಭವಾಗಿ ಸೋರುತ್ತವೆ. ಇಂದಿನ ಅತಿ ಶಕ್ತಿಶಾಲಿ 9 ಸರಣಿಯ ಡಯೋಡ್‌ಗಳ ಹೊದಿಕೆಯ ಪದರಗಳಲ್ಲಿ ಅಲ್ಯೂಮಿನಿಯಂ ಧಾರಾಳವಾಗಿಯೇ ಇದೆ ಎಂಬುದನ್ನು ನೆನಪಿಟ್ಟರೆ, ಅಲ್ಯೂಮಿನಿಯಂ ಇದೆಯೇ ಇಲ್ಲವೇ ಎಂಬುದಕ್ಕಿಂತ ಸೀಳಿದ ಮುಖಕ್ಕೆ ಏನು ಮಾಡಿದ್ದಾರೆ ಎಂಬುದು ದೊಡ್ಡ ಪ್ರಶ್ನೆ ಎಂದು ಹೊಳೆಯುತ್ತದೆ.

915 ಮತ್ತು 976ರ ನಡುವೆ ಡಯೋಡಿನ ಬಾಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಫೈಬರಿನ ಹೀರುವಿಕೆಯಲ್ಲಿ. 976ರಲ್ಲಿ ಅದು ಹಲವು ಪಟ್ಟು ಹೆಚ್ಚು, ಆದರೆ ಆ ಶಿಖರ ತೀರ ಕಿರಿದು. ಡಯೋಡಿನ ತರಂಗಾಂತರ ಪ್ರತಿ ಡಿಗ್ರಿಗೆ ಸುಮಾರು 0.3 ನ್ಯಾನೊಮೀಟರ್ ಸರಿಯುವುದರಿಂದ ತಂಪಿನ ವ್ಯವಸ್ಥೆ ಎಡವಿದರೆ 976 ಶಿಖರದಿಂದ ಜಾರುತ್ತದೆ, ಹೀರದೆ ಉಳಿದ ಬೆಳಕು ಬೇರೆಡೆ ಹೋಗಿ ಸುಡುತ್ತದೆ. ನೀರಿನ ತಂಪು ನಂಬಿಕೆಗೆ ಅರ್ಹವಲ್ಲದ ಕಾರ್ಖಾನೆಗೆ 915 ಸಲ್ಲುತ್ತದೆ.

ಮುಖಕ್ಕೆ ಕೊಡುವ ರಕ್ಷಣೆ: ಮೂರು ದರ್ಜೆ

ಗಾಳಿಯಲ್ಲಿ ಸೀಳಿ, ಆಮೇಲೆ ನಿರ್ವಾತ ಕೊಠಡಿಯಲ್ಲಿ ಲೇಪನ ಹಚ್ಚುವುದು ಅತ್ಯಂತ ಅಗ್ಗದ ದಾರಿ. ಲೇಪನ ಪ್ರತಿಫಲನವನ್ನು ಸರಿಪಡಿಸುತ್ತದೆಯೇ ಹೊರತು ಅದರಡಿ ಆಗಲೇ ಕಟ್ಟಿಕೊಂಡ ಆಕ್ಸೈಡನ್ನು ತೆಗೆಯುವುದಿಲ್ಲ. ಇಂಥ ಡಯೋಡ್‌ಗಳಲ್ಲಿ ಮುಖದ ಸ್ಥಿತಿ ದಿನದಿಂದ ದಿನಕ್ಕೆ ಹದಗೆಡುವುದರಿಂದ ಸಿಒಡಿ ಮಿತಿಯೂ ಕಾಲಕ್ರಮೇಣ ಕೆಳಗಿಳಿಯುತ್ತದೆ. ಹೊಸದರಲ್ಲಿ 15 ವಾಟ್ ತಾಳಿದ ಡಯೋಡ್ ಕೆಲವು ಸಾವಿರ ಗಂಟೆಗಳ ಬಳಿಕ 10 ವಾಟ್‌ಗೇ ಸಾಯುವ ಸಾಧ್ಯತೆ ಇರುವುದು ಹೀಗೆ. ಕೊಳ್ಳುವ ದಿನ ಪರೀಕ್ಷಿಸಿ ನೋಡಿದೆವು, ಸರಿಯಾಗಿತ್ತು ಎಂಬ ಸಮಾಧಾನಕ್ಕೆ ಆದ್ದರಿಂದಲೇ ಹೆಚ್ಚಿನ ಬೆಲೆಯಿಲ್ಲ.

ಎರಡನೆಯ ದರ್ಜೆಯದು, ಆಕ್ಸೈಡ್ ಕಟ್ಟಲು ಅವಕಾಶವನ್ನೇ ಕೊಡದ ವಿಧಾನ. ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಇ2 ಎಂದು ಹೆಸರಾದ ಕ್ರಮದಲ್ಲಿ ಹರಳನ್ನು ಅತಿ ನಿರ್ವಾತದಲ್ಲೇ ಸೀಳಿ, ಹೊರಗೆ ತೆಗೆಯದೆ ಅಲ್ಲೇ ಸಿಲಿಕಾನ್‌ನ ತೆಳು ಪದರವೊಂದನ್ನು ಹಚ್ಚುತ್ತಾರೆ. 980ರ ಡಯೋಡಿಗೆ ಸಮುದ್ರದ ಬಾಗಿಲು ತೆರೆದ ತಂತ್ರಗಳಲ್ಲಿ ಇದು ಮುಖ್ಯವಾದುದು. ಆದರೆ 808ರ ಬೆಳಕನ್ನು ಸಿಲಿಕಾನ್ ಪದರ ತಾನೇ ಹೀರಬಲ್ಲದಾದ್ದರಿಂದ ಅಲ್ಲಿ ಅದು ಅಷ್ಟು ಹಿತವಲ್ಲ, ಬೇರೆ ವಸ್ತುಗಳು ಬೇಕಾಗುತ್ತವೆ.

ಮೂರನೆಯದು ಹೀರದ ಕನ್ನಡಿ. ಮುಖದ ಬಳಿಯ ಕೆಲವು ಹತ್ತು ಮೈಕ್ರಾನ್‌ಗಳಷ್ಟು ಜಾಗದಲ್ಲಿ ಕ್ವಾಂಟಮ್ ಪದರವನ್ನು ಸುತ್ತಲಿನ ಪದರಗಳೊಂದಿಗೆ ಬೆರೆತುಹೋಗುವಂತೆ ಮಾಡಿ, ಅಲ್ಲಿನ ಬ್ಯಾಂಡ್ ಗ್ಯಾಪನ್ನು ಹಿಗ್ಗಿಸುತ್ತಾರೆ. ಸತುವನ್ನು ಹರಳಿನೊಳಕ್ಕೆ ಇಳಿಸುವುದು ಇದಕ್ಕೊಂದು ದಾರಿ. ಡಿಸ್ಕ್ ಬರೆಯುವ ಕೆಂಪು ಲೇಸರ್‌ಗಳಲ್ಲಿ ಇದು ಬಹಳ ಬಳಕೆಯಾಯಿತು. ಬೆಳಕು ಆ ಭಾಗದಲ್ಲಿ ಕಿಟಕಿಯ ಗಾಜಿನ ಮೂಲಕ ಹಾದಂತೆ ಹಾದುಹೋಗುತ್ತದೆ, ಸುತ್ತು ಆರಂಭವಾಗಲು ಕಿಡಿಯೇ ಇರುವುದಿಲ್ಲ. ತಾತ್ತ್ವಿಕವಾಗಿ ಇದು ಅತ್ಯುತ್ತಮ. ಆದರೆ ಬೆರೆಸುವ ಕ್ರಿಯೆ ಹರಳಿನ ಒಳಕ್ಕೂ ಕೊಳೆ ಬಿಡಬಲ್ಲದು, ಪ್ರಕ್ರಿಯೆ ಕೈಹತ್ತದ ತಯಾರಕರ ಕೈಯಲ್ಲಿ ಮುಖದ ಸಾವು ತಪ್ಪಿ ಒಳಗಿನ ಸಾವು ಬರಬಹುದು. ಹೊಸ ತಯಾರಕರ ಹೀರದ ಕನ್ನಡಿಗಿಂತ ಪಳಗಿದವರ ನಿರ್ವಾತ ಸೀಳು ನನಗೆ ಹೆಚ್ಚು ಇಷ್ಟ.

ಇಲ್ಲೇ ಒಂದು ಉಪಕಥೆ ಹೇಳಬೇಕು. 980ರ ಡಯೋಡ್‌ಗಳನ್ನು ಶುದ್ಧ ಸಾರಜನಕ ತುಂಬಿದ, ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿದಾಗ ಅವು ತೆರೆದ ಸ್ಥಿತಿಗಿಂತ ಬೇಗ ಸಾಯತೊಡಗಿದವು. ಪೆಟ್ಟಿಗೆಯೊಳಗೆ ಉಳಿದ ಅಂಟು ಮತ್ತು ದ್ರಾವಕಗಳ ಲವಲೇಶ ಆವಿ ತೀವ್ರ ಬೆಳಕಿನಲ್ಲಿ ಒಡೆದು ಮುಖದ ಮೇಲೆ ಇಂಗಾಲವಾಗಿ ಕೂರುತ್ತಿತ್ತು, ಅದು ಬೆಳಕನ್ನು ಹೀರಿ ಸಿಒಡಿಗೆ ದಾರಿ ಮಾಡುತ್ತಿತ್ತು. ಪರಿಹಾರ ಸರಳವಾಗಿತ್ತು, ಪೆಟ್ಟಿಗೆಯೊಳಗೆ ತುಸು ಆಮ್ಲಜನಕ ಸೇರಿಸುವುದು. ಇಂಗಾಲ ಕಟ್ಟಿಕೊಳ್ಳುವ ಮೊದಲೇ ಉರಿದುಹೋಗುತ್ತದೆ. ಪೆಟ್ಟಿಗೆ ಗಾಳಿಯಾಡದ್ದೇ ಎಂದು ಕೇಳಿದರೆ ಸಾಲದು, ಒಳಗೆ ಯಾವ ಅನಿಲವಿದೆ ಎಂದೂ ಕೇಳಬೇಕಾಗುತ್ತದೆ.

ಬೆಸುಗೆ: ಇಂಡಿಯಂ ಅಥವಾ ಚಿನ್ನ-ತವರ

ಚಿಪ್ಪನ್ನು ತಾಮ್ರದ ಮೇಲೆ ಕೂರಿಸುವ ಬೆಸುಗೆಯ ಆಯ್ಕೆ ಬಹಳ ಮಂದಿಗೆ ಗೌಣವಾಗಿ ಕಾಣುತ್ತದೆ. ನಾಸಾಕ್ಕೂ ಒಂದು ಕಾಲಕ್ಕೆ ಅದರ ಬೆಲೆ ದುಬಾರಿಯಾಗಿ ತಿಳಿಯಿತು. ಧ್ರುವಪ್ರದೇಶಗಳ ಮಂಜಿನ ಎತ್ತರ ಅಳೆಯಲು 2003ರ ಜನವರಿಯಲ್ಲಿ ಹಾರಿದ ಐಸ್‌ಸ್ಯಾಟ್ ಉಪಗ್ರಹದಲ್ಲಿ ಮೂರು ಲೇಸರ್‌ಗಳಿದ್ದವು. ಒಂದರ ಹಿಂದೊಂದು ಬಳಸಿ ವರ್ಷಗಟ್ಟಲೆ ಎಡೆಬಿಡದೆ ಅಳೆಯುವ ಯೋಜನೆ. ಫೆಬ್ರವರಿಯಲ್ಲಿ ಹೊತ್ತಿಸಿದ ಮೊದಲ ಲೇಸರ್ ಮಾರ್ಚ್ ತಿಂಗಳ ಕೊನೆಯಲ್ಲೇ, ಐದಾರು ವಾರಗಳಲ್ಲಿ, ನಿಂತುಹೋಯಿತು. ತನಿಖೆಯಲ್ಲಿ ಸಿಕ್ಕ ಅಪರಾಧಿ ಪಂಪ್ ಡಯೋಡ್‌ಗಳ ಸಾಲಿನಲ್ಲಿ ಹೆಚ್ಚಾಗಿ ಬಿದ್ದ ಇಂಡಿಯಂ ಬೆಸುಗೆ. ಅದು ಬಂಗಾರದ ತಂತಿಗಳನ್ನು ಮುಟ್ಟಿ, ಎರಡೂ ಲೋಹಗಳು ಬೆರೆತು ಗೋಲ್ಡ್ ಇಂಡೈಡ್ ಎಂಬ ಸಂಯುಕ್ತವಾಗಿ, ತಂತಿಗಳನ್ನು ಮೆಲ್ಲನೆ ತಿಂದುಹಾಕಿತ್ತು. ಚಿಪ್‌ಗಳ ಮುಖದಲ್ಲಾಗಲಿ ಹರಳಿನಲ್ಲಾಗಲಿ ಇದರ ಬೀಜವಿರಲಿಲ್ಲ. ಉಳಿದ ಲೇಸರ್‌ಗಳನ್ನು ಮುಂದೆ ಸುಮಾರು 33 ದಿನಗಳ ಕಂತುಗಳಲ್ಲಿ, ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಹೊತ್ತಿಸಿ 2009ರ ಅಕ್ಟೋಬರ್‌ವರೆಗೆ ನಡೆಸಿದರು.

ಇಷ್ಟಾದರೂ ಇಂಡಿಯಂ ಕೆಟ್ಟ ಬೆಸುಗೆ ಎನ್ನುವಂತಿಲ್ಲ. ಅದು 157 ಡಿಗ್ರಿಯ ಹತ್ತಿರ ಕರಗುವ ಮೆತ್ತನೆಯ ಲೋಹ. ಕಾದಾಗ ತಾಮ್ರ ಹಿಗ್ಗುವ ಪ್ರಮಾಣ ಗ್ಯಾಲಿಯಂ ಆರ್ಸೆನೈಡ್‌ನದಕ್ಕಿಂತ ಎರಡೂವರೆ ಮೂರು ಪಟ್ಟು ಹೆಚ್ಚು. ಈ ಎಳೆದಾಟವನ್ನು ಇಂಡಿಯಂ ತಾನೇ ನಲುಗಿ ಸಹಿಸಿಕೊಂಡು ಚಿಪ್ಪನ್ನು ಒತ್ತಡದಿಂದ ಕಾಪಾಡುತ್ತದೆ. ತಾಮ್ರದ ಮೇಲೆ ನೇರವಾಗಿ ಕೂರಿಸಬಹುದಾದ್ದರಿಂದ ಶಾಖವೂ ಚೆನ್ನಾಗಿ ಇಳಿಯುತ್ತದೆ. ಸದಾ ಹೊತ್ತಿಕೊಂಡೇ ಇರುವ ಲೇಸರಿಗೆ ಇದು ಸಾಕು. ಆದರೆ ದಿನಕ್ಕೆ ಸಾವಿರಾರು ಬಾರಿ ಹೊತ್ತಿ ಆರುವ ಕಡೆ ಇದೇ ಮೆತ್ತನೆಯ ಗುಣ ಶಾಪವಾಗುತ್ತದೆ: ಬೆಸುಗೆ ತೆವಳುತ್ತದೆ, ಅದರಲ್ಲಿ ಬಿರುಕು ಬಿಡುತ್ತದೆ, ಹೆಚ್ಚಿನ ಪ್ರವಾಹದಲ್ಲಿ ಅಣುಗಳೇ ಸ್ಥಳ ಬದಲಿಸಿ ಟೊಳ್ಳು ಬೀಳುತ್ತದೆ. ಟೊಳ್ಳಿನ ಮೇಲಿನ ಚಿಪ್ ಬಿಸಿಯಾಗುತ್ತದೆ, ಬಿಸಿಯಾದ ಮುಖ ಸಿಒಡಿಯ ಹತ್ತಿರ ಸರಿಯುತ್ತದೆ.

ಚಿನ್ನ 80 ಪಾಲು, ತವರ 20 ಪಾಲು ಸೇರಿದ ಗಟ್ಟಿ ಬೆಸುಗೆ 280 ಡಿಗ್ರಿಯಲ್ಲಿ ಕರಗುತ್ತದೆ, ತೆವಳುವುದಿಲ್ಲ. ಆದರೆ ಅದು ನಲುಗುವುದೂ ಇಲ್ಲವಾದ್ದರಿಂದ ಹಿಗ್ಗುವಿಕೆಯಲ್ಲಿ ಚಿಪ್ಪಿಗೆ ಹೊಂದುವ ತಾಮ್ರ-ಟಂಗ್‌ಸ್ಟನ್ ಅಥವಾ ಅಲ್ಯೂಮಿನಿಯಂ ನೈಟ್ರೈಡ್‌ನ ಪೀಠ ನಡುವೆ ಬೇಕು. ಈ ಪೀಠಗಳು ಶಾಖ ಸಾಗಿಸುವುದರಲ್ಲಿ ತಾಮ್ರದ ಅರ್ಧಕ್ಕಿಂತ ತುಸು ಕೆಳಗೇ ಉಳಿಯುತ್ತವೆ. ಪಲ್ಸ್‌ನಲ್ಲಿ ಓಡುವ, ಕಂಪನ ಎದುರಿಸುವ, ರಿಪೇರಿಗೆ ಕೈಗೆ ಸಿಗದ ಯಾವುದಕ್ಕೂ ಚಿನ್ನ-ತವರವನ್ನೇ ಆರಿಸಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಪಲ್ಸ್‌ಗಳ ಲೆಕ್ಕ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನೂ ಗಮನಿಸಬೇಕು. ಐಸ್‌ಸ್ಯಾಟ್‌ನ ಲೇಸರ್ ಸೆಕೆಂಡಿಗೆ 40 ಬಾರಿ ಮಿಡಿಯುತ್ತಿತ್ತು. ವರ್ಷವಿಡೀ ಓಡಿದ್ದರೆ ಅದು 126 ಕೋಟಿ ಪಲ್ಸ್. 2008ರಲ್ಲಿ ಚಂದ್ರಯಾನ-1ರ ಜೊತೆ ಹೋದ, ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ ಸಿದ್ಧವಾದ ಲೇಸರ್ ದೂರಮಾಪಕವೂ ಡಯೋಡ್‌ನಿಂದ ಪಂಪ್ ಮಾಡುವ ಎನ್‌ಡಿ ಯಾಗ್ ಲೇಸರೇ. ಅದು ಸೆಕೆಂಡಿಗೆ 10 ಪಲ್ಸ್, ಪ್ರತಿ ಪಲ್ಸ್‌ಗೆ 10 ಮಿಲಿಜೂಲ್ ಎಂಬ ಮಿತವಾದ ಗತಿಯಲ್ಲಿ ಓಡುವಂತೆ ರೂಪಿಸಿದ್ದು. ಇಂಥ ಕಡೆ ಗಂಟೆಗಳ ಬಾಳಿಕೆಗೆ ಅರ್ಥವಿಲ್ಲ, ಪಲ್ಸ್‌ಗಳ ಬಾಳಿಕೆಯನ್ನೇ ಕೇಳಬೇಕು. ಪಲ್ಸ್‌ಗಳಲ್ಲಿ ಒಂದು ಅನುಕೂಲವೂ ಇದೆ. ಅವು ಕಿರಿದಾದಷ್ಟೂ ಮುಖ ಕಾಯಲು ಸಮಯ ಸಾಲದೆ ಸಿಒಡಿ ಮಿತಿ ಏರುತ್ತದೆ, ಮೈಕ್ರೊಸೆಕೆಂಡಿಗಿಂತ ಕೆಳಗಿನ ಪಲ್ಸ್‌ಗಳಲ್ಲಿ ಹೆಚ್ಚುಕಡಿಮೆ ಅವಧಿಯ ವರ್ಗಮೂಲಕ್ಕೆ ವಿಲೋಮವಾಗಿ. ನಿಯೋಡೈಮಿಯಂ ಹರಳಿಗೆ ಬೇಕಾದ 200 ಮೈಕ್ರೊಸೆಕೆಂಡಿನ ಪಲ್ಸ್‌ನಲ್ಲಿ ಈ ರಿಯಾಯಿತಿ ಸಿಗುವುದಿಲ್ಲ. ಮುಖದ ಪಾಲಿಗೆ ಅದು ಎಡೆಬಿಡದ ಬೆಳಕಿಗೆ ಸಮ, ಬೆಸುಗೆಯ ಪಾಲಿಗೆ ಸುತ್ತಿಗೆಯ ಏಟು.

ಬಿಡಿ ಚಿಪ್ ಅಥವಾ ಬಾರ್

ಒಂದು ಸೆಂಟಿಮೀಟರ್ ಅಗಲದ ಹರಳಿನಲ್ಲಿ ಹತ್ತಾರು ಕಿಂಡಿಗಳು ಒಟ್ಟಿಗಿರುವುದು ಬಾರ್. ಒಂದೊಂದು ಕಿಂಡಿಯೂ ಬೇರೆ ಚಿಪ್ಪಾಗಿದ್ದು, ಅವುಗಳ ಬೆಳಕನ್ನು ಕನ್ನಡಿಗಳಿಂದ ಒಂದೇ ಫೈಬರಿಗೆ ಇಳಿಸುವುದು ಇನ್ನೊಂದು ಕ್ರಮ. ಬಾರ್‌ನಲ್ಲಿ ಒಂದು ಕಿಂಡಿ ಸತ್ತರೆ ಅದರ ಪಾಲಿನ ಪ್ರವಾಹ ಶಾಖವಾಗಿ ನೆರೆಯ ಕಿಂಡಿಗಳನ್ನು ಬೇಯಿಸುತ್ತದೆ, ಸಾವು ಸಾಂಕ್ರಾಮಿಕವಾಗಬಹುದು. ಬಿಡಿ ಚಿಪ್‌ಗಳು ಒಂದಕ್ಕೊಂದು ದೂರವಿರುವುದರಿಂದ ಈ ಅಂಟುರೋಗವಿಲ್ಲ. ಜೊತೆಗೆ ಬಾರ್‌ನಿಂದ ಗರಿಷ್ಠ ಶಕ್ತಿ ತೆಗೆಯಲು ಕೂದಲೆಳೆಯ ನಾಲೆಗಳಲ್ಲಿ ನೀರು ಹರಿಸಬೇಕಾಗುತ್ತದೆ, ಆ ನೀರಿನ ಶುದ್ಧತೆ ತಪ್ಪಿದರೆ ಲೋಹ ಸವೆದು ಸೋರುತ್ತದೆ. ಅಂಥ ಕಡೆ ಡಯೋಡಿಗಿಂತ ಮೊದಲು ತಂಪುಗಾರನೇ ಸಾಯುವುದುಂಟು. ಫೈಬರ್ ಲೇಸರ್ ಉದ್ಯಮ ಬಹುಮಟ್ಟಿಗೆ ಬಿಡಿ ಚಿಪ್‌ಗಳ ಕಡೆಗೆ ವಾಲಿದ್ದಕ್ಕೆ ಇದೊಂದು ಕಾರಣ. ಕಡಿಮೆ ಜಾಗದಲ್ಲಿ ನೂರಾರು ವಾಟ್ ಬೇಕಾದ, ಹರಳನ್ನು ಪಕ್ಕದಿಂದ ಪಂಪ್ ಮಾಡುವ ಲೇಸರ್‌ಗಳಿಗೆ ಬಾರ್ ಇನ್ನೂ ಅನಿವಾರ್ಯ.

ಮೇಲ್ಮೈಯಿಂದ ಬೆಳಕು ಸೂಸುವ ವಿಸಿಎಸ್‌ಇಎಲ್‌ಗಳಿಗೆ ಸೀಳಿದ ಮುಖವೇ ಇಲ್ಲ, ಆದ್ದರಿಂದ ಮುಖದ ಸಾವೂ ಇಲ್ಲ. ಒಂದೊಂದು ಕಿಂಡಿಯ ಶಕ್ತಿ ಮಿಲಿವಾಟ್‌ಗಳಲ್ಲಿ, ಬೆಳಕಿನ ಹೊಳಪು ಸಾಧಾರಣ. ಅವುಗಳ ಶತ್ರುಗಳು ತೇವಾಂಶ ಮತ್ತು ಸ್ಥಿರವಿದ್ಯುತ್. ಗ್ಯಾಲಿಯಂ ನೈಟ್ರೈಡ್‌ನ ನೀಲಿ ಡಯೋಡ್‌ಗಳ ಹರಳು ಗಟ್ಟಿಯೇ, ಆದರೆ ಫೋಟಾನ್ ಶಕ್ತಿ ಹೆಚ್ಚಾದ್ದರಿಂದ ಮುಖದ ಮೇಲೆ ಕೊಳೆ ಕಟ್ಟುವ ರೋಗ ಇನ್ನೂ ತೀವ್ರ. ಅವನ್ನು ಸಿಲಿಕೋನ್ ಅಂಟಿನ ಸಮೀಪಕ್ಕೂ ತರಬಾರದು, ಮುಚ್ಚಳ ತೆಗೆದು ಬಳಸಲೂ ಬಾರದು.

ಹತ್ತು ಲಕ್ಷ ಗಂಟೆ ಎಂದರೆ

ಸರಾಸರಿ ಆಯುಷ್ಯ 10 ಲಕ್ಷ ಗಂಟೆ ಎಂದು ಡೇಟಾಶೀಟ್ ಹೇಳಿದರೆ ಅದು 114 ವರ್ಷ. ಲೇಸರ್ ಡಯೋಡ್ ಹುಟ್ಟಿ ಅಷ್ಟು ವರ್ಷವೇ ಆಗಿಲ್ಲವಾದ್ದರಿಂದ ಇದು ಅಳೆದ ಸಂಖ್ಯೆಯಲ್ಲ. ಹಲವಾರು ಡಯೋಡ್‌ಗಳನ್ನು ಹೆಚ್ಚಿನ ಉಷ್ಣತೆ, ಪ್ರವಾಹ, ಶಕ್ತಿಗಳಲ್ಲಿ ಕೆಲವು ಸಾವಿರ ಗಂಟೆ ಓಡಿಸಿ, ಸತ್ತವನ್ನು ಎಣಿಸಿ, ಉಷ್ಣತೆ ಏರಿದಂತೆ ಸವೆತ ಎಷ್ಟು ಬೇಗವಾಗುತ್ತದೆ ಎಂದು ಹೇಳುವ ಆರೀನಿಯಸ್ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿದ ಸಂಖ್ಯೆ. ಆ ಲೆಕ್ಕದಲ್ಲಿ ಸಕ್ರಿಯಣ ಶಕ್ತಿ ಎಂಬ ಒಂದು ಊಹೆ ಅಡಗಿದೆ, ಅದು ಹೆಚ್ಚಿದಷ್ಟೂ ಸವೆತದ ಮೇಲೆ ಉಷ್ಣತೆಯ ಪ್ರಭಾವ ಹೆಚ್ಚು. 60 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆಯನ್ನು 25 ಡಿಗ್ರಿಗೆ ಇಳಿಸುವಾಗ ಅದು 0.45 ಎಲೆಕ್ಟ್ರಾನ್ ವೋಲ್ಟ್ ಎಂದು ಹಿಡಿದರೆ ಆಯುಷ್ಯ ಸುಮಾರು 6 ಪಟ್ಟು ಹೆಚ್ಚುತ್ತದೆ, 0.7 ಎಂದು ಹಿಡಿದರೆ 17 ಪಟ್ಟು. ಒಂದೇ ಪ್ರಯೋಗದ ಫಲಿತಾಂಶ, ಎರಡು ಆಯುಷ್ಯ. ಇಬ್ಬರು ತಯಾರಕರನ್ನು ಹೋಲಿಸುವವರು ಈ ಒಂದು ಅಂಕಿಯನ್ನು ಕೇಳದೆ ಗಂಟೆಗಳನ್ನು ಹೋಲಿಸುವುದು ಅಡಿಗೂ ಮೀಟರಿಗೂ ನಂಟು ಹಚ್ಚಿದಂತೆ.

ಸರಾಸರಿ ಎಂಬ ಪದವೂ ದಾರಿ ತಪ್ಪಿಸುತ್ತದೆ. ಹಠಾತ್ ಸಾವುಗಳು ಕಾಲದುದ್ದಕ್ಕೂ ಸಮನಾಗಿ ಹಂಚಿಹೋಗಿವೆ ಎಂದುಕೊಂಡರೆ, 10 ಲಕ್ಷ ಗಂಟೆಯ ಡಯೋಡ್‌ಗಳಲ್ಲಿ ನೂರಕ್ಕೆ ಎರಡು 20,000 ಗಂಟೆ ತುಂಬುವ ಮೊದಲೇ ಹೋಗಿರುತ್ತವೆ. ಒಂದು ಪಂಪ್ ಪೆಟ್ಟಿಗೆಯಲ್ಲಿ 12 ಚಿಪ್‌ಗಳಿದ್ದು ಯಾವುದೊಂದು ಹೋದರೂ ಕೆಲಸ ಕೆಡುವುದಾದರೆ ಪೆಟ್ಟಿಗೆಯ ಸರಾಸರಿ ಸುಮಾರು 83,000 ಗಂಟೆಗೆ ಇಳಿಯುತ್ತದೆ. ದೂರಸಂಪರ್ಕದವರು ಇದನ್ನೇ ಫಿಟ್ ಎಂಬ ಮಾನದಲ್ಲಿ, ನೂರು ಕೋಟಿ ಗಂಟೆಗೆ ಎಷ್ಟು ಸಾವು ಎಂದು ಎಣಿಸುತ್ತಾರೆ. 10 ಲಕ್ಷ ಗಂಟೆ ಎಂದರೆ 1,000 ಫಿಟ್. ದೂರಸಂಪರ್ಕದ ಬಿಡಿಭಾಗಗಳಿಗಾಗಿ ಟೆಲ್ಕಾರ್ಡಿಯಾ ರೂಪಿಸಿದ ಜಿಆರ್-468 ಎಂಬ ವಿಶ್ವಾಸಾರ್ಹತೆಯ ಮಾನದಂಡದ ಪ್ರಕಾರ ಪರೀಕ್ಷೆ ಆಗಿದೆಯೇ ಎಂದು ಕೇಳಿದರೆ, ಕೈಗಾರಿಕೆಗೆ ಕೊಳ್ಳುವವರಿಗೂ ತಯಾರಕರ ಗಾಂಭೀರ್ಯ ಎಷ್ಟೆಂದು ಗೊತ್ತಾಗುತ್ತದೆ.

ಇನ್ನು ಬಳಸುವವರ ಕೈಯಲ್ಲಿರುವ ದೊಡ್ಡ ಸಾಧನವೆಂದರೆ ಡಯೋಡನ್ನು ಅದರ ಗರಿಷ್ಠಕ್ಕಿಂತ ಕೆಳಗೆ ಓಡಿಸುವುದು. ಆಯುಷ್ಯ ಉಷ್ಣತೆಯ ಮೇಲಷ್ಟೇ ಅಲ್ಲ, ಪ್ರವಾಹ ಮತ್ತು ಬೆಳಕಿನ ಶಕ್ತಿಗಳ ಮೇಲ್ಘಾತಗಳ ಮೇಲೂ ನಿಂತಿದೆ. ಹೀಗಾಗಿ 15 ವಾಟ್‌ನ ಡಯೋಡನ್ನು 10 ವಾಟ್‌ನಲ್ಲಿ ಓಡಿಸುವುದು 10 ವಾಟ್‌ನ ಅಗ್ಗದ ಡಯೋಡನ್ನು ಪೂರ್ಣ ಓಡಿಸುವುದಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಲಾಭದಾಯಕ. ಅಪವಾದ ಇರುವುದು ಹೊರಗಿನಿಂದ ಬರುವ ಬೆಳಕಿನಲ್ಲಿ. ತಾಮ್ರ, ಹಿತ್ತಾಳೆಗಳನ್ನು ಕತ್ತರಿಸುವಾಗ ಆ ಲೋಹಗಳಿಂದ ಪ್ರತಿಫಲಿಸಿದ 1 ಮೈಕ್ರಾನ್ ಬೆಳಕು ಫೈಬರಿನ ಮೂಲಕವೇ ಹಿಂತಿರುಗಿ ಪಂಪ್ ಡಯೋಡಿನ ಮುಖಕ್ಕೆ ಬಡಿಯಬಲ್ಲದು, ಡಯೋಡನ್ನು ಎಷ್ಟೇ ಕಡಿಮೆ ಶಕ್ತಿಯಲ್ಲಿ ಓಡಿಸಿದ್ದರೂ ಈ ಏಟು ತಪ್ಪುವುದಿಲ್ಲ. ತಾಮ್ರದ ಕೆಲಸ ಹಿಡಿಯುವ ಉದ್ದೇಶವಿರುವವರು 1 ಮೈಕ್ರಾನ್ ಬೆಳಕನ್ನು ತಡೆಯುವ ಶೋಧಕ ಪದರ ಪಂಪ್ ಪೆಟ್ಟಿಗೆಯೊಳಗೇ ಇದೆಯೇ, ಅದು ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂಬುದನ್ನು ಕೊಳ್ಳುವ ಕರಾರಿನಲ್ಲೇ ಬರೆಸಿಕೊಳ್ಳಬೇಕು.